ಕೊಳ್ಳೇಗಾಲದಲ್ಲಿ ಗುಂಡಿನ ಕಂಪನಿ

ಕೊಳ್ಳೇಗಾಲದಂಥ ಊರಿನಲ್ಲಿ ಪಿನ್‌ಬಾಲ್ ಮಿಷನ್ ತಯಾರಿಸುವ ಕಂಪನಿ ಇಟ್ಟವನು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಬಂದು ಶಟರ್ ತಟ್ಟುತ್ತದೆ. ತೊಂದರೆ ಏನೆಂದರೆ, ಬರುವಾಗ ಅದು ತಮಾಷೆಯ ಹಾಗೆ ಕಾಣುವುದಿಲ್ಲ. ಮೊದಲು ಹೆದರಿಸಿ, ಹೋದ ಎಷ್ಟೋ ದಿನದ ಮೇಲೆ ನಗಿಸುತ್ತದೆ.

ಮೊದಲು ಪಿನ್‌ಬಾಲ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಮಂಚದಷ್ಟು ಉದ್ದದ ಒಂದು ಮರದ ಪೆಟ್ಟಿಗೆ, ಅದಕ್ಕೆ ನಾಲ್ಕು ಕಾಲು, ಮೇಲೆ ಗಾಜು. ಒಳಗೆ ಒಂದು ಸ್ಟೀಲ್ ಗುಂಡು ಓಡಾಡುತ್ತದೆ. ಪಕ್ಕದ ಬಟನ್ ಒತ್ತಿದರೆ ಒಳಗಿನ ಎರಡು ರೆಕ್ಕೆಗಳು ಗುಂಡನ್ನು ಮೇಲಕ್ಕೆ ಹೊಡೆಯುತ್ತವೆ. ಲೈಟು, ಗಂಟೆ, ಗಲಾಟೆ. ಗುಂಡು ಕೆಳಗಿನ ಕಂಡಿಗೆ ಬಿದ್ದರೆ ಹೋಯಿತು. ಮೈಸೂರಿನ ಒಂದು ಆಟದ ಹಾಲ್‌ನಲ್ಲಿ ನಾನು ಇಂಥವನ್ನು ವರ್ಷಾನುಗಟ್ಟಲೆ ರಿಪೇರಿ ಮಾಡಿದವನು. ಆ ಹಾಲ್ ಮುಚ್ಚಿತು. ಆದರೆ ಹಳೇ ಕಾರು, ಹಳೇ ಗಡಿಯಾರ ಕೂಡಿಡುವ ಹಾಗೆ ಈ ಮಿಷನ್ ಕೂಡಿಡುವ ಜನ ಇದ್ದಾರೆ ಅನ್ನುವುದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಅಂಥವರಿಗಾಗಿಯೇ ಒಂದೊಂದಾಗಿ, ಕೈಯಲ್ಲಿ ಮಾಡಿಕೊಡೋಣ ಅಂತ ಊರಿಗೆ ಬಂದೆ. ರೇಷ್ಮೆ ನೂಲು ತೆಗೆಯುತ್ತಿದ್ದ ಒಂದು ಹಳೇ ಶೆಡ್ ಬಾಡಿಗೆಗೆ ಸಿಕ್ಕಿತು. ಪಾಲುದಾರ ನನ್ನ ಭಾವಮೈದ. ಯಳಂದೂರಿನಲ್ಲಿ ಬಾಗಿಲು, ಮಂಚ ಮಾಡಿಕೊಂಡಿದ್ದ ಬಡಗಿ. ವೈರು ನನ್ನದು, ಮರ ಅವನದು. ಚಿಂತೆ ಮಾತ್ರ ಪೂರ್ತಿ ನನ್ನದು.

"ನಿಮ್ ಚಿಂತೆ ಇಡೋಕೆ ಇನ್ನೊಂದು ಶೆಡ್ ಬೇಕಾಯ್ತದೆ" ಅಂತ ನನ್ನ ಹೆಂಡತಿ ಆಗಲೇ ಹೇಳಿದ್ದಳು.

೧. ಮೊದಲ ವ್ಯಾಪಾರ

ಬೋರ್ಡು ಬರೆಯುವವನಿಗೆ ಹಲಗೆಯ ಅಗಲ ಸಾಲಲಿಲ್ಲ. ಮೇಲಿನ ಸಾಲಿಗೆ 'ಪಿನ್' ಅಂತ ದಪ್ಪಕ್ಷರದಲ್ಲಿ ಬರೆದು, 'ಬಾಲ್ ಕಂಪನಿ' ಅನ್ನುವುದನ್ನು ಕೆಳಗೆ ಸಣ್ಣಗೆ ತುರುಕಿದ.

ಶಟರ್ ಎತ್ತಿ ಕೂತೆ. ಯಾರೂ ಬರದಿದ್ದರೆ ಏನು ಗತಿ ಅಂತ ಹೆದರಿಕೆ. ಅಷ್ಟರಲ್ಲಿ ಒಬ್ಬ ಟೈಲರ್ ಬೈಕ್ ನಿಲ್ಲಿಸಿ ಒಳಗೆ ಬಂದ.

"ಗುಂಡುಪಿನ್ ಓಲ್‌ಸೇಲಾ ಸಾ, ಇಲ್ಲ ರೀಟೇಲಾ?"

ಅವನಿಗೆ ಕಾಲು ಗಂಟೆ ಪಿನ್‌ಬಾಲ್ ಅಂದರೇನು ಅಂತ ವಿವರಿಸಿದೆ. ತಲೆಯಾಡಿಸಿಕೊಂಡು ಕೇಳಿ, "ಸರಿ ಸಾ, ಗುಂಡುಪಿನ್ ಯಾವಾಗ ಬತ್ತದೆ?" ಅಂದ. ಅವನು ಹೋದ ಮೇಲೆ ಸ್ಕೂಲಿನ ಪಿ.ಟಿ. ಮಾಸ್ತರು ವಾಲಿಬಾಲ್ ಕೇಳಿಕೊಂಡು ಬಂದರು. ಆಮೇಲೆ ಕಂಕುಳಲ್ಲಿ ಮಗು ಇಟ್ಟುಕೊಂಡ ಹೆಂಗಸೊಬ್ಬಳು, ಸೆರಗಿಗೆ ಪಿನ್ ಬೇಕು ಅಂತ. ಆಕೆಗೂ ಪಿನ್‌ಬಾಲ್ ಅಂದರೇನು ಅಂತ ವಿವರಿಸಿದೆ. ಮಗು ಅತ್ತಿತು.

ವಾರ ಪೂರ್ತಿ ಇದೇ. ಬೋರ್ಡು ತಿರುಗಿ ಬರೆಸೋಣ, ಇಲ್ಲ ಕಂಪನಿಯನ್ನೇ ಮುಚ್ಚೋಣ ಅಂತ ನಾನು ಒದ್ದಾಡುತ್ತಿದ್ದರೆ, ನನ್ನ ಹೆಂಡತಿ ಒಂದು ಮಾತೂ ಆಡದೆ ಪೇಟೆಗೆ ಹೋಗಿ ಒಂದು ಗೊಂಚಲು ಸೇಫ್ಟಿಪಿನ್ ತಂದು ಬಾಗಿಲಿಗೆ ನೇತುಹಾಕಿದಳು.

ನಮ್ಮ ಕಂಪನಿಯ ಮೊದಲ ವ್ಯಾಪಾರ ಅದೇ.

೨. ಓರೆ

ಭಾವಮೈದ ಮೊದಲ ಪೆಟ್ಟಿಗೆಯನ್ನು ಮುಗಿಸಿ ಕಾಲು ಕೂರಿಸಿದ. ಅದರ ಮೇಲೆ ನೀರುಗುಳ್ಳೆಯ ಮಟ್ಟಗೋಲು ಇಟ್ಟು ನನ್ನನ್ನು ಕರೆದ.

"ನೋಡಿ ಬಾವ. ಗುಳ್ಳೆ ನಡುಮಧ್ಯಕ್ಕೆ ಕುಂತದೆ. ಕೂದಲೆಳೆಯಷ್ಟೂ ಆಚೆಗಿಲ್ಲ, ಈಚೆಗಿಲ್ಲ."

ಗುಂಡು ಇಟ್ಟು ನೋಡಿದೆ. ಅದು ಧ್ಯಾನಕ್ಕೆ ಕೂತ ಹಾಗೆ ಕೂತಿತು. ಪಿನ್‌ಬಾಲ್ ಪೆಟ್ಟಿಗೆ ಹಿಂದಕ್ಕೆ ಎತ್ತರ, ಮುಂದಕ್ಕೆ ತಗ್ಗು ಇರಬೇಕು, ಗುಂಡು ಆಡುವವನ ಕಡೆಗೆ ಉರುಳಬೇಕು ಅಂದೆ.

"ಓರೆ ಮಾಡ್ಬೇಕಾ? ನಾನಾ?" ಅವನ ಮುಖ ಸಪ್ಪಗಾಯಿತು. "ಬಾವ, ಓರೆ ಟೇಬಲ್ ಮಾಡ್ದ ಅಂತ ಯಳಂದೂರಲ್ಲಿ ಗೊತ್ತಾದ್ರೆ ನಂಗೆ ಯಾರು ಎಣ್ಣು ಕೊಟ್ಟಾರು?"

"ನಿನಗೆ ಮದುವೆ ಆಗಿ ಇಬ್ಬರು ಮಕ್ಕಳಿದ್ದಾರಲ್ಲೋ."

"ಆ ಮಕ್ಳಿಗೆ ಕೊಡಾಕಿಲ್ಲ."

ಅಂತೂ ಒಪ್ಪಿಸಿ ಹಿಂದಿನ ಕಾಲು ಎತ್ತರಿಸಿದ್ದಾಯಿತು. ಬೆಳಿಗ್ಗೆ ಬಂದು ನೋಡಿದರೆ ಗುಂಡು ಮತ್ತೆ ಧ್ಯಾನದಲ್ಲಿದೆ. ಮುಂದಿನ ಕಾಲಿನ ಅಡಿಗೆ ಎರಡು ಬೆಣೆ! "ಕಣ್ಣಿಗೆ ಚುಚ್ಚತಿತ್ತು ಬಾವ" ಅಂದ. ಬೆಣೆ ತೆಗೆಸಿದೆ. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಮತ್ತೆ ಬೆಣೆ. ನನಗೆ ಅಳು ಬರುವುದೊಂದು ಬಾಕಿ. ಮಿಷನ್ ನೋಡಲು ಗಿರಾಕಿ ಬರುವ ದಿನ ಹತ್ತಿರವಾಗಿತ್ತು.

ಕೊನೆಗೆ ಅವನೇ ಒಂದು ದಾರಿ ಕಂಡುಕೊಂಡ. ಓರೆ ಇರಲಿ ಅಂತ ಒಪ್ಪಿಕೊಂಡು, ಪೆಟ್ಟಿಗೆಯ ಅಡಿಗೆ ತೂರಿ, ಯಾರಿಗೂ ಕಾಣದ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ ಬರೆದು ಸಹಿ ಹಾಕಿದ:

'ಈ ಓರೆಗೆ ನಾನು ಜವಾಬ್ದಾರನಲ್ಲ.'

೩. ಇನ್ನೊಂದೇ ಗುಂಡು

ಶೆಡ್ಡಿನ ಮಾಲೀಕರು ಬಹಳ ಶಿಸ್ತಿನ ಹಿರಿಯರು. ಕಾಫಿಯನ್ನೂ ಕುಡಿಯದವರು. ಒಂದು ದಿನ ಅವರು ಬಾಗಿಲ ಹೊರಗೆ ನಿಂತಿದ್ದಾರೆ ಅನ್ನುವುದು ಗೊತ್ತಿಲ್ಲದೆ ನಾನು ಫೋನಿನಲ್ಲಿ ಒಬ್ಬ ಗಿರಾಕಿಗೆ ಆಟದ ನಿಯಮ ಹೇಳುತ್ತಿದ್ದೆ.

"ಒಬ್ಬರಿಗೆ ಮೂರು ಗುಂಡು ಸಾರ್. ಮೊದಲನೇ ಗುಂಡು ಒಳಗೆ ಹೋಗ್ತಿದ್ದ ಹಾಗೇ ಲೈಟೆಲ್ಲ ಹತ್ತಿಕೊಳ್ಳುತ್ತೆ... ಹೌದು ಹೌದು, ಎರಡನೇ ಗುಂಡಿಗೆ ಕೈ ಕುದುರುತ್ತೆ... ಮೂರನೇದು ಹೋದಮೇಲೆ ಮುಗೀತು... ಬೇಕು ಅಂದ್ರೆ ಎಕ್ಸ್‌ಟ್ರಾ ಗುಂಡೂ ಉಂಟು... ಮನೆಮಂದಿಯೆಲ್ಲ ಕೂಡಿ ಹಾಕಬಹುದು ಸಾರ್, ಮಕ್ಕಳೂ ಕೂಡ!"

ಅರ್ಧ ಗಂಟೆಯಲ್ಲಿ ಮಾಲೀಕರು ಬೀದಿಯ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. "ಇವತ್ತೇ ಜಾಗ ಖಾಲಿ ಮಾಡಿ. ಮಕ್ಳಿಗೂ ಗುಂಡು ಆಕ್ಸೋರ್ಗೆ ನಮ್ ಶೆಡ್ಡಲ್ಲಿ ಜಾಗ ಇಲ್ಲ."

ಎರಡನೇ ಪೆಟ್ಟಿಗೆ ಅರ್ಧಂಬರ್ಧ ಬಿಚ್ಚಿ ಹರಡಿದೆ. ಇದನ್ನು ಹೊತ್ತುಕೊಂಡು ಎಲ್ಲಿಗೆ ಹೋಗಲಿ? ಒಂದು ಸ್ಟೀಲ್ ಗುಂಡನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ. ಪಕ್ಕದಲ್ಲಿ ಮುಗಿದಿದ್ದ ಮಿಷನ್ ಚಾಲೂ ಮಾಡಿ, "ಗುಂಡು ಅಂದರೆ ಇದು ಸಾ" ಅಂದೆ.

ಅನುಮಾನದಿಂದಲೇ ಒಂದು ಸಲ ಆಡಿದರು. ಗುಂಡು ಸೀದಾ ಕಂಡಿಗೆ ಬಿತ್ತು. "ಏ, ಇದು ಮೋಸ" ಅಂದು ಮತ್ತೆ ಆಡಿದರು. ಅಂಗಿಯ ತೋಳು ಮಡಚಿದರು. ಹಿರಿಯರಿಬ್ಬರೂ ಕಾದು ಕಾದು ಮನೆಗೆ ಹೋದರು. ಇವರು ಕದಲಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವರ ಮನೆಯಿಂದ ಫೋನು ಬಂತು. ಮಾಲೀಕರು ಕಣ್ಣು ಗಾಜಿನ ಮೇಲಿಟ್ಟುಕೊಂಡೇ ಫೋನನ್ನು ಭುಜಕ್ಕೆ ಸಿಕ್ಕಿಸಿ ಗಟ್ಟಿಯಾಗಿ ಹೇಳಿದರು:

"ಇನ್ನೊಂದೇ ಗುಂಡು ಕಣಮ್ಮಿ, ಆಕ್ಬುಟ್ಟು ಬತ್ತೀನಿ!"

ಮಾರನೇ ದಿನ ಅವರು ಬರಲಿಲ್ಲ. ಅವರ ಹೆಂಡತಿ ಬಂದರು, ಕೈಯಲ್ಲಿ ಪೊರಕೆ ಹಿಡಿದು.

೪. ಆಡದ ಗಿರಾಕಿ

ಮೊದಲ ಗಿರಾಕಿ ಬೆಂಗಳೂರಿನಿಂದ ಬರುವ ದಿನ ನಾನು ತಿಂಡಿ ಮುಟ್ಟಲಿಲ್ಲ. ಕಾರಿನಿಂದ ಇಳಿದವರು ಮಾತಾಡದ ಮನುಷ್ಯ. ಜೇಬಿನಿಂದ ಬಿಳೀ ಗ್ಲೌಸು ತೆಗೆದು ಹಾಕಿಕೊಂಡರು. ಮಿಷನ್ ಸುತ್ತ ನಡೆದರು. ಮೂಸಿದರು.

"ಒಂದು ಆಟ ಆಡಿ ಸಾ" ಅಂದ ಭಾವಮೈದ.

"ನಾನು ಆಡಲ್ಲ. ಇಡ್ತೀನಿ."

"ಇಡದು ಅಂದ್ರೆ?"

"ಮನೆಯಲ್ಲಿ ಇಡೋದು. ನೋಡೋದು. ಆಡಿದರೆ ಸವೆಯುತ್ತೆ."

ಭಾವಮೈದ ನನ್ನ ಕಿವಿಯ ಹತ್ತಿರ ಬಂದ. "ಬಾವ, ಮದ್ವೆ ಆಗಿ ಎಡ್ತೀನ ಮಾತಾಡ್ಸ್‌ದಂಗಲ್ವಾ ಇದು?"

ನಾನು ಅವನ ಕಾಲು ತುಳಿದೆ. ಅಷ್ಟರಲ್ಲಿ ಗಿರಾಕಿ ಟಾರ್ಚು ಹಿಡಿದು ನೆಲದ ಮೇಲೆ ಅಂಗಾತ ಮಲಗಿ ಪೆಟ್ಟಿಗೆಯ ಅಡಿಗೆ ಸರಿದರು. ಆಗ ನೆನಪಾಯಿತು ನನಗೆ, ಆ ಪೆನ್ಸಿಲ್ ಬರಹ! ಅಳಿಸೋಣ ಅಂದುಕೊಂಡು ಮರೆತಿದ್ದೆ. ಎರಡು ಬೂಟು ಮಾತ್ರ ಕಾಣುತ್ತಿವೆ.

"ಇದನ್ನ ಬರೆದೋರು ಯಾರು?" ಅಡಿಯಿಂದಲೇ ಕೇಳಿದರು.

"ತಪ್ಪಾಯ್ತು ಸಾರ್, ಈಗಲೇ ಅಳಿಸಿಬಿಡ್ತೀವಿ" ಅಂದೆ.

"ಮುಟ್ಟಬೇಡಿ!" ಅಂತ ಕೂಗಿದರು. ಏಳುವ ಅವಸರದಲ್ಲಿ ತಲೆ ಪೆಟ್ಟಿಗೆಗೆ ತಗುಲಿತು. ಹಣೆ ಉಜ್ಜಿಕೊಳ್ಳುತ್ತಾ ಈಚೆ ಬಂದರು. "ಮಾಡಿದವನ ಕೈಬರಹ ಇರೋ ಮಿಷನ್ ಎಲ್ಲಿ ಸಿಗುತ್ತೆ? ನನಗೆ ಮಾಡಿಕೊಡೋ ಮಿಷನ್‌ನಲ್ಲೂ ಇದು ಇರಲೇಬೇಕು. ಇದೇ ಅಕ್ಷರ, ಇದೇ ಸಹಿ."

ಕಾರು ತಿರುಗಿ ಹೋದ ಮೇಲೆ ಭಾವಮೈದ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೇಳಿದ: "ಇಷ್ಟ್ ವರ್ಸ ಜವಾಬ್ದಾರಿ ಒತ್ಕಂಡು ಬಾಗ್ಲು ಮಾಡ್ದೆ. ಒಬ್ನೂ ಕ್ಯಾರೇ ಅನ್ನಲಿಲ್ಲ. ಬೇಡ ಅಂದ ದಿನ್ವೇ ಬೆಲೆ ಬಂತು ನೋಡಿ."

೫. ಲೊಕ್ಕನಹಳ್ಳಿಯ ದನಿ

ಆ ಗಿರಾಕಿಗೆ ಕಾಡಂಚಿನ ಒಡೆಯರಪಾಳ್ಯದ ಹತ್ತಿರ ಒಂದು ತೋಟದ ಮನೆ. ಮಿಷನ್ ಅಲ್ಲಿಗೆ ಬೇಕು, ಆ ಕಡೆಯದೇ ಏನಾದರೂ ಕತೆ ಅದರಲ್ಲಿರಬೇಕು ಅಂದರು. ಕರೆಂಟು ಹೋದರೂ ಲೈಟು ಆರಬಾರದು, ಬ್ಯಾಟರಿ ಇಡಿ ಅಂದರು.

ಆ ಕಡೆಯ ಕತೆ ಅಂದರೆ ಇನ್ನೇನು? ಜೋಳದ ಹೊಲ, ಹೊಲಕ್ಕೆ ನುಗ್ಗುವ ಆನೆ. ಗುಂಡೇ ಆನೆ. ಅದು ಕಂಡಿಗೆ ಬಿದ್ದರೆ ಹೊಲಕ್ಕೆ ಆನೆ ಬಿದ್ದ ಹಾಗೆ. ಆಗ ಒಬ್ಬ ರೈತ ಕೂಗಿಕೊಳ್ಳಬೇಕು. ಅದೇ ದಾರಿಯ ಲೊಕ್ಕನಹಳ್ಳಿಯಲ್ಲಿ ಭಾವಮೈದನಿಗೆ ಗುರುತಿದ್ದ ಒಬ್ಬ ರೈತ ಇದ್ದ. ಅಟ್ಟಣೆ ಮೇಲೆ ಕೂತು ಹೊಲ ಕಾಯುವುದರಲ್ಲಿ, ಕೂಗುವುದರಲ್ಲಿ ಹೆಸರುವಾಸಿ. ಅವನನ್ನು ಶೆಡ್ಡಿಗೆ ಕರೆಸಿ ಮೊಬೈಲ್ ಮುಂದೆ ಹಿಡಿದೆ.

"ಆನೆ ಇಲ್ದೆ ಎಂಗ ಕೂಗ್ಲಿ ಸಾ?" ಅಂತ ನಾಚಿಕೊಂಡ. ಟೀ ಕುಡಿಸಿ, ಕಣ್ಣು ಮುಚ್ಚಿಕೊಂಡು ಹೊಲ ನೆನೆಸಿಕೋ ಅಂದೆ. ನೆನೆಸಿಕೊಂಡ. ಆಮೇಲೆ ಕೂಗಿದ ನೋಡಿ: "ಆನೆ ಬಂತು ಕಣ್ರಪ್ಪೋ! ಎದ್ ಬನ್ರೋ! ತಮಟೆ ತನ್ರೋ!" ಶೆಡ್ಡಿನ ತಗಡು ನಡುಗಿತು. ಅದನ್ನೇ ಮಿಷನ್ನಿಗೆ ಹಾಕಿದೆ.

ಒಂದು ಸಂಜೆ ಮಿಷನ್ನಿಗೆ ಕೌದಿ ಸುತ್ತಿ, ಹಗ್ಗ ಬಿಗಿದು, ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಹೊರಟೆವು. ಭಾವಮೈದ ಓಡಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತು, ಪ್ರತಿ ಹಳ್ಳಕ್ಕೂ ಹಿಂದಕ್ಕೆ ತಿರುಗಿ ನೋಡುತ್ತಿದ್ದೆ.

"ಒಳಗಿನ ಗುಂಡೆಲ್ಲ ತೆಗೆದಿಟ್ಟೆ ತಾನೆ?"

"ತೆಗದ್ರೆ ಕಳದೋಯ್ತವೆ ಅಂತ ಒಳಗೇ ಬುಟ್ಟಿವ್ನಿ ಬಾವ."

"ಬ್ಯಾಟರಿ ವೈರು?"

ಅವನು ಉತ್ತರ ಕೊಡುವಷ್ಟರಲ್ಲಿ ಲೊಕ್ಕನಹಳ್ಳಿಯ ಹಂಪ್ ಬಂತು. ಆಟೋ ಎಗರಿತು. ಬಿಗಿದಿದ್ದ ಹಗ್ಗ ಸ್ಟಾರ್ಟ್ ಬಟನ್ನನ್ನು ಒತ್ತಿತು. ಗುಂಡು ಸೀದಾ ಕಂಡಿಗೆ.

"ಆನೆ ಬಂತು ಕಣ್ರಪ್ಪೋ! ಎದ್ ಬನ್ರೋ! ತಮಟೆ ತನ್ರೋ!"

ಬಾಗಿಲುಗಳು ಪಟಪಟ ತೆರೆದುಕೊಂಡವು. ಒಬ್ಬ ತಮಟೆ ತಂದ, ಒಬ್ಬ ಪಟಾಕಿ ಹಚ್ಚಿದ, ಒಬ್ಬರು ಕೈಗೆ ಸಿಕ್ಕ ತಟ್ಟೆ ಬಡಿದರು. ನಾವು ಇಳಿದು ಗಂಟು ಬಿಚ್ಚಲು ಹೋದರೆ ಬಡಗಿಯ ಗಂಟು, ಬಿಚ್ಚಿಕೊಳ್ಳುತ್ತಿಲ್ಲ. ಮಿಷನ್ ಅಲುಗಿದಷ್ಟೂ ಕೂಗುತ್ತಿದೆ. ಜನ ಆಟೋ ಸುತ್ತುವರಿದರು. ಅವರ ನಡುವಿನಿಂದ ಒಬ್ಬ ಹೆಂಗಸು ನುಗ್ಗಿ ಬಂದಳು. ಕೌದಿ ಸುತ್ತಿ ಹಗ್ಗ ಕಟ್ಟಿದ ಉದ್ದನೆಯ ಗಂಟನ್ನು ನೋಡಿ ಎದೆ ಬಡಿದುಕೊಂಡಳು.

"ಅಯ್ಯೋ, ಇದು ನಮ್ಮೋರ್ ದನಿ ಕಣ್ರಪ್ಪೋ! ನಮ್ಮೋರ್ನ ಕಟ್ಟಾಕಂಡು ಓಯ್ತಾವ್ರೆ!"

ನಾವು ದನಿ ಹಿಡಿದಿದ್ದ ರೈತನ ಹೆಂಡತಿ! ಯಾರೋ ಆಟೋ ಕೀ ಕಿತ್ತುಕೊಂಡರು. ಇನ್ಯಾರೋ ನನ್ನ ಕಾಲರ್ ಹಿಡಿದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ:

"ಅವರು ಒಳಗಿಲ್ಲ ಕಣಮ್ಮ, ಅವರ ದನಿ ಮಾತ್ರ ಒಳಗಿದೆ!"

ಆಕೆ ಎದೆ ಬಡಿದುಕೊಳ್ಳುವುದನ್ನು ನಿಲ್ಲಿಸಿ ಕೇಳಿದಳು: "ದನಿ ಮಾತ್ರ ಅದಾ? ಮಿಕ್ಕಿದ್ದ ಏನ್ ಮಾಡುದ್ರಿ?"

ಜನ ನಮ್ಮ ಮೇಲೆ ಬೀಳುವುದರಲ್ಲಿದ್ದರು. ಅಷ್ಟರಲ್ಲಿ ಹೊಲದ ಕಡೆಯಿಂದ ಒಬ್ಬ ತಮಟೆ ಬಡಿಯುತ್ತಾ, ಏದುಸಿರು ಬಿಡುತ್ತಾ ಓಡಿ ಬಂದ. ಅವನೇ, ದನಿಯ ಒಡೆಯ! "ಎಲ್ಲದ ಆನೆ? ಎಲ್ಲದ?" ಅಂತ ಕೂಗಿದ. ಕೌದಿಯೊಳಗಿನಿಂದ ಮತ್ತೆ ದನಿ ಬಂತು. ಅವನು ತಮಟೆ ಕೆಳಗಿಳಿಸಿ, ಕಿವಿಗೊಟ್ಟು ಕೇಳಿ, ತಲೆದೂಗಿದ.

"ಯಾರ್ಲಾ ಅವ್ನು? ಸಂದಾಗಿ ಕೂಗ್ತಾವ್ನಲ್ಲ!"

ಕುಡುಗೋಲಿನಲ್ಲಿ ಹಗ್ಗ ಕೊಯ್ದು, ಕೌದಿ ತೆಗೆದು, ಗಾಜಿನೊಳಗೆ ಮಿಣುಕುವ ದೀಪ ತೋರಿಸಿದ ಮೇಲೆ ನನ್ನ ಕಾಲರ್ ಬಿಟ್ಟರು. ರೈತ ಮಿಷನ್ನಿನ ಸುತ್ತ ಒಂದು ಸುತ್ತು ಬಂದ.

"ಇದು ನಿದ್ದೆ ಮಾಡದಾ ಸಾ?"

"ಇಲ್ಲ."

"ಬೀಡಿ ಸೇದದಾ?"

"ಇಲ್ಲ."

"ಅಂಗಾದ್ರೆ ನನ್ ಬದ್ಲು ಇದ್ನೇ ಅಟ್ಟಣೆ ಮೇಲೆ ಕುಂಡ್ರುಸಿ. ನಾನೂ ಒಂದ್ ದಿನ ಮನೇಲಿ ಮನಗ್ತೀನಿ."

ಜನ ಹೌದು ಹೌದು ಅಂದರು. ಅವರ ಕೈಯಿಂದ ಕೀ ಬಿಡಿಸಿಕೊಂಡು ಹೊರಡುವಷ್ಟರಲ್ಲಿ ಸಾಕುಬೇಕಾಯಿತು. ಗಿರಾಕಿಯ ಮನೆ ಮುಟ್ಟಿಸಿದೆವು. ಗೀರು ಬಿದ್ದಿರಲಿಲ್ಲ. ಅವರು ಗ್ಲೌಸು ಹಾಕಿಕೊಂಡು ಒರೆಸಿ, ಮೇಲೊಂದು ಬಟ್ಟೆ ಹೊದಿಸಿದರು. ಆಡಲಿಲ್ಲ.

ಆಮೇಲೆ ಮನೆಗೆ ಬಂದು ಫೋನು ಕಾಯುತ್ತಾ ಕೂತೆ. ಇವರು ನಾಲ್ಕು ಜನ ಸಂಗ್ರಾಹಕರಿಗೆ ಹೇಳಿದರೆ ಕಂಪನಿ ಉಳಿಯುತ್ತದೆ, ಹೇಳದಿದ್ದರೆ ನಾನು ಮತ್ತೆ ಸೇಫ್ಟಿಪಿನ್ನಿಗೆ. ಒಂದು ಬೆಳಿಗ್ಗೆ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಕೈ ಒರೆಸಿಕೊಂಡು ಎತ್ತಿದೆ.

"ಕೂಗೋ ಮಿಷನ್ ಕಂಪ್ನಿನಾ ಸಾ? ನಾವು ಅನೂರ್ ಕಡೆಯೋರು."

"ಹನೂರಾ? ಹೂಂ, ಹೇಳಿ ಸಾರ್."

"ನಮ್ ಒಲಕ್ಕೆ ಆನೆ ಬರಾಕಿಲ್ಲ, ಬರೀ ಅಂದಿ ಕಾಟ. ಅಂದಿಗೆ ಬ್ಯಾರೆ ಮಿಷನ್ ತಕಬೇಕಾ, ಇಲ್ಲ ಅದ್ರಲ್ಲೇ ಸೆಟ್ಟಿಂಗ್ ಅದಾ?"