ದೊರೆಯ ತೊಟ್ಟಿ

ಬಾಳ್ಳುಪೇಟೆ ಹತ್ತಿರದ ಎಸ್ಟೇಟಿನ ಇಂಗ್ಲಿಷ್ ದೊರೆ ತನ್ನ ಸೀಮೆಗೆ ಹೊರಟು ನಿಂತಾಗ ಬಂಗಲೆಯ ಸಾಮಾನನ್ನೆಲ್ಲ ಹರಾಜಿಗೆ ಹಾಕಿಸಿದ. ಪಾಳ್ಯದ ಕಡೆಯ ಸಣ್ಣ ಹಿಡುವಳಿದಾರ ತೋಟಪ್ಪ ಅಲ್ಲಿಗೆ ಹೋದದ್ದು ಕಾಫಿ ಗಿಡ ಸವರುವ ಕತ್ತರಿಗೆ. ಮರಳಿದ್ದು ಮಾತ್ರ ಗಾಡಿಯ ತುಂಬ ಕಾಲು ಚಾಚಿ ಮಲಗಿದ್ದ ಒಂದು ಬಿಳಿಯ ಸ್ನಾನದ ತೊಟ್ಟಿಯೊಂದಿಗೆ. (ಕತ್ತರಿಯನ್ನು ಬೇರೆ ಯಾರೋ ಕೊಂಡರು.)

ತೊಟ್ಟಿಗೆ ಹೋದ ದುಡ್ಡು ಹೆಂಡತಿ ಕಲ್ಯಾಣಮ್ಮನದು. ತಿಪಟೂರಿನಲ್ಲಿ ಹಾಸಿಗೆ ಹಿಡಿದಿದ್ದ ತಾಯಿಯನ್ನು ನೋಡಿ ಬರಲೆಂದು ಮೆಣಸು ಮಾರಿ ಎತ್ತಿಟ್ಟದ್ದು. 'ಕೈಯಲ್ಲಿರಲಿ' ಎಂದು ತೋಟಪ್ಪ ಅದನ್ನೂ ಒಯ್ದಿದ್ದ.

"ಇದ್ಯಾತಕ್ಕೆ?" ಎಂದಳು ಕಲ್ಯಾಣಮ್ಮ.

ದಾರಿಯುದ್ದಕ್ಕೂ ತೋಟಪ್ಪ ಉತ್ತರಗಳನ್ನು ಮಸೆದಿಟ್ಟುಕೊಂಡಿದ್ದ. "ಬಿತ್ತನೆ ಭತ್ತ ನೆನೆಹಾಕಾಕೆ."

"ಹಂಡೆ ಐತೆ."

"ದನ ನೀರು ಕುಡೀತವೆ."

"ಕಲ್ಲುಬಾನಿ ಐತೆ. ಅವು ಯಾವತ್ತಾದ್ರೂ ಬ್ಯಾಡ ಅಂದವಾ?"

"ಅರ್ಧ ಬೆಲೆಗೆ ಸಿಕ್ತು ಕಣೇ! ಬಿಟ್ಟಿದ್ರೆ ನಷ್ಟ ಆಗೋದು."

"ಬ್ಯಾಡದ್ದಕ್ಕೆ ಅರ್ಧ ಕೊಟ್ರೂ ದಂಡವೇ."

ಕೊನೆಗೆ ತೋಟಪ್ಪ ಬ್ರಹ್ಮಾಸ್ತ್ರ ತೆಗೆದ. "ನಿನ್ನ ಸೊಂಟನೋವಿಗೇ ತಂದಿದ್ದು."

ಕಲ್ಯಾಣಮ್ಮನ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನನ್ನ ಹೆಸರ್ಯಾಕೆ ಹೇಳ್ತೀರಿ? ದೊರೆ ಕೂತ ಕಡೆ ಕೂರೋ ಆಸೆ ಆಯ್ತು ನಿಮಗೆ. ಅಷ್ಟೇ."

ಭಾನುವಾರ ಮಹಾಸ್ನಾನ ನಡೆಯಿತು. ಎಷ್ಟು ಹಂಡೆ ಕಾಯಿಸಿ ಸುರಿದರೂ ತೊಟ್ಟಿ ತುಂಬುವಷ್ಟರಲ್ಲಿ ನೀರು ಆರಿಹೋಯಿತು. ಮೊಣಕಾಲನ್ನು ಎದೆಗೆ ಒತ್ತಿ ಕೂತ ತೋಟಪ್ಪನಿಗೆ ದೊರೆತನ ಬರಲಿಲ್ಲ, ನೆಗಡಿ ಬಂತು. ಅದೇ ವಾರ ತಿಪಟೂರಿನಿಂದ ಬಂದವರೊಬ್ಬರು, ಮುದುಕಿ ಮಗಳ ಹೆಸರು ಹಿಡಿದು ಕನವರಿಸುತ್ತಾಳೆ ಎಂದು ಹೇಳಿಹೋದರು. ಹೆಂಡತಿಯ ದಾರಿಖರ್ಚಿನ ದುಡ್ಡು ಹುಟ್ಟಿಸಲು ತೋಟಪ್ಪ ಮರುದಿನವೇ ಹೊರಟ. ತೊಟ್ಟಿ ಮಾರುವುದಿದೆ ಎಂದು ಊರಿಗೆಲ್ಲ ಸಾರಿದ.

ಪಕ್ಕದ ಮನೆಯ ದ್ಯಾವಯ್ಯ ಬಂದ. ತೊಟ್ಟಿಯ ಸುತ್ತ ಪ್ರದಕ್ಷಿಣೆ ಹಾಕಿದ.

"ಕೇಳಿದಷ್ಟು ಕೊಡ್ತೀನಿ ತೋಟಪ್ಪಣ್ಣ. ಎತ್ತಿಗೆ ಬೂಸಾ ಕಲಸಾಕೆ ಆಯ್ತದೆ. ನಮ್ಮನೆಯೋಳಿಗೂ ಸೊಂಟನೋವು..."

ಸೊಂಟದ ಹೆಸರು ಕೇಳಿದ್ದೇ ತೋಟಪ್ಪನ ಹೊಟ್ಟೆಯಲ್ಲಿ ಕರುಣೆ ಉಕ್ಕಿತು. (ಹೊಸದಾಗಿ ಜ್ಞಾನೋದಯವಾದವರ ಕಾಯಿಲೆಯೇ ಅದು.)

"ದ್ಯಾವ, ನಂತಾವ ಸುಳ್ಳು ಬ್ಯಾಡ ಕಣೋ. ಬೂಸಾನೂ ಅಲ್ಲ, ಸೊಂಟಾನೂ ಅಲ್ಲ. ದೊರೆ ಥರ ಕೂರೋ ಆಸೆ ನಿಂಗೆ. ನಾನು ಕೂತು ನೋಡಿದೀನಿ, ಏನೂ ಇಲ್ಲ ಅದ್ರಾಗೆ."

ದ್ಯಾವಯ್ಯ ತಲೆ ಕೆರೆದುಕೊಂಡ. ದುಡ್ಡನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿ, "ಕಣ್ ತೆರೆಸ್ಬುಟ್ಟೆ ಅಣ್ಣ," ಎಂದು ಕೈಮುಗಿದು ಹೊರಟುಹೋದ.

ಒಬ್ಬನನ್ನು ಉಳಿಸಿದೆನೆಂಬ ಸಂತೃಪ್ತಿಯಲ್ಲಿ ತೋಟಪ್ಪ ತಿರುಗಿದ. ಹೊಸ್ತಿಲಲ್ಲಿ ಕಲ್ಯಾಣಮ್ಮ ನಿಂತಿದ್ದಳು. 'ಕೇಳಿದಷ್ಟು ಕೊಡ್ತೀನಿ' ಎಂಬುದು ಕಿವಿಗೆ ಬಿದ್ದದ್ದೇ ಪೆಟ್ಟಿಗೆಯ ಸೀರೆ ಉಟ್ಟು, ಬಟ್ಟೆಯ ಗಂಟು ಹಿಡಿದು ಬಂದಿದ್ದಳು.

"ಬುದ್ಧಿ ಬರಾಕೆ ಇವತ್ತೇ ಬೇಕಿತ್ತಾ ನಿಮಗೆ?"

ತೋಟಪ್ಪ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಆಗಲೇ ಒಳಗೆ ಹೋಗಿಬಂದು ಬಾಗಿಲಲ್ಲಿ ನಿಂತಿದ್ದ ದ್ಯಾವಯ್ಯನ ಕೈ ಹಿಡಿದ. "ಅರ್ಧಕ್ಕೆ ತಗೊಂಡ್ಬುಡೋ ಮಾರಾಯ!"

"ಬ್ಯಾಡಣ್ಣ, ನೀನಂದಿದ್ದೇ ಸರಿ. ನಮ್ಮನೆಯೋಳು ವರ್ಷದಿಂದ ತೌರು ತೌರು ಅಂತಿದ್ಲು. ದುಡ್ಡು ಅವಳ ಕೈಗೇ ಹಾಕ್ಬುಟ್ಟೆ," ಎಂದ ದ್ಯಾವಯ್ಯ.

ಒಳಗೆ ದ್ಯಾವಯ್ಯನ ಹೆಂಡತಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಹಾಡಿಕೊಳ್ಳುತ್ತಿದ್ದಳು. ತೋಟಪ್ಪ ಅದನ್ನು ಕೇಳುತ್ತ, ಮನೆಗೆ ಹೋಗಲು ಕಾಲು ಬಾರದೆ, ಅಲ್ಲೇ ಜಗಲಿಯ ಮೇಲೆ ಕುಳಿತ.