ದೇವರಿಲ್ಲದ ರಜೆ

ಅಕ್ಕಿ ಗಿರಣಿಯಲ್ಲಿ ನಗು ಬರುವಂಥದ್ದು ಏನು ನಡೆಯುತ್ತದೆ ಎಂದು ನೀವು ಕೇಳಬಹುದು. ನಡೆಯುತ್ತಲೇ ಇರುತ್ತದೆ. ಅಷ್ಟು ಧೂಳು, ಅಷ್ಟು ಸದ್ದು ಇರುವ ಕಡೆ ಜನ ನಗದಿದ್ದರೆ ಸಂಜೆಯವರೆಗೆ ನಿಲ್ಲುವುದಾದರೂ ಹೇಗೆ? ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತರೀಕೆರೆಯ ಒಂದು ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ಗುಮಾಸ್ತ ಎಂದರೆ ಬಂದ ಭತ್ತ, ಹೋದ ಅಕ್ಕಿ ಬರೆದಿಡುವವನು. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ. ಈ ಕುರ್ಚಿಯ ವಿಷಯ ಮುಂದೆ ಬೇಕಾಗುತ್ತದೆ, ಅದಕ್ಕೇ ಈಗಲೇ ಹೇಳಿಬಿಟ್ಟೆ.

ಮೀಸೆಯ ಪಂದ್ಯ

ನಮ್ಮಲ್ಲಿ ಮೂಟೆ ಹೊರುವ ಹಮಾಲರಿಗೆ ಒಬ್ಬ ಮೇಸ್ತ್ರಿ ಇದ್ದ. ಹಿರೇನಲ್ಲೂರು ಕಡೆಯವನು, ದೊಡ್ಡ ಮೀಸೆ. ಅವನ ಭಾವಮೈದನಿಗೆ, ಅಂದರೆ ಹೆಂಡತಿಯ ತಮ್ಮನಿಗೆ, ಲಕ್ಕವಳ್ಳಿ ಅಣೆಕಟ್ಟಿನಲ್ಲಿ ಕೆಲಸ. ಸರ್ಕಾರಿ ಕೆಲಸವಾದ್ದರಿಂದ ಯಾವಾಗಲೂ ಇಸ್ತ್ರಿ ಅಂಗಿ. ಒಂದು ಏಪ್ರಿಲ್ ತಿಂಗಳಲ್ಲಿ ಅವನು ಗಿರಣಿಗೆ ಬಂದು, ಎಲ್ಲರ ಎದುರಿಗೇ ಕೇಳಿದ:

"ಮೇ ಒಂದಕ್ಕೆ ನಮಗೆ ರಜ. ಕಾರ್ಮಿಕರ ದಿನ. ನಿಮಗಿಲ್ವಾ ಭಾವ?"

"ಇಲ್ಲ ಕಣೋ."

"ಹಂಗಾದ್ರೆ ನೀನು ಕಾರ್ಮಿಕನೇ ಅಲ್ಲ ಬಿಡು. ಬರೀ ಮೂಟೆ ಹೊರೋನು."

ಮೇಸ್ತ್ರಿಗೆ ಮೂಟೆಗಿಂತ ಈ ಮಾತು ಭಾರವಾಯಿತು. "ಲೇ, ಮೇ ಒಂದಕ್ಕೆ ಬಂದು ನೋಡು. ನಮಗೂ ರಜ ಇರ್ತದೆ. ಇಲ್ದಿದ್ರೆ ಈ ಮೀಸೆ ಬೋಳಿಸ್ತೀನಿ!"

ಪಕ್ಕದಲ್ಲಿ ಅಕ್ಕಿ ಕೇರುತ್ತಿದ್ದ ಹೆಂಗಸು ಮೊರ ನಿಲ್ಲಿಸದೆ ಹೇಳಿದಳು: "ಬೋಳಿಸಿದ್ ದಿನಾನೂ ರಜ ಕೇಳ್ಕೋ ಮೇಸ್ತ್ರಿ. ನಿನ್ನ ಹೆಂಡ್ತಿ ಗುರುತು ಹಿಡಿಯೋಕೆ ಅರ್ಧ ದಿನ ಬೇಕು."

ಮೂರು ಎಂಟು

ರಜೆ ಕೇಳಬೇಕಾದರೆ ಅದು ಯಾಕೆ ಹುಟ್ಟಿತು ಎಂದು ಗೊತ್ತಿರಬೇಕಲ್ಲ. ಮೇಸ್ತ್ರಿ ನನ್ನನ್ನು ಹಿಡಿದ. ಪತ್ರಿಕೆಯಲ್ಲಿ ಓದಿದ್ದನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ವಿವರಿಸಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ, ಅಮೆರಿಕ ದೇಶದ ಷಿಕಾಗೋ ಎಂಬ ಊರಿನಲ್ಲಿ (ಅಮೆರಿಕ ಎಲ್ಲಿದೆ ಎಂದೂ ಕೈ ಮಾಡಿ ತೋರಿಸಿದೆ, ರೈಲ್ವೆ ಸ್ಟೇಷನ್ನಿನ ದಿಕ್ಕಿಗೆ) ಕೂಲಿಗಾರರಿಗೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿತ. ಅವರು ಮೇ ಒಂದರಂದು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಎಂಟು ಗಂಟೆ ಕೆಲಸ, ಎಂಟು ಗಂಟೆ ನಿದ್ದೆ, ಉಳಿದ ಎಂಟು ಗಂಟೆ ನಮ್ಮಿಷ್ಟ ಎಂದರು. ಗಲಾಟೆಯಾಯಿತು, ಕೆಲವರ ಜೀವವೂ ಹೋಯಿತು. ಮುಂದೆ ಆ ದಿನವೇ ಎಷ್ಟೋ ದೇಶಗಳಲ್ಲಿ ಕೂಲಿಗಾರರ ಹಬ್ಬವಾಯಿತು.

ಎಲ್ಲರೂ ತಲೆದೂಗಿದರು. ಅಕ್ಕಿ ಕೇರುವವಳು ಮಾತ್ರ ಮುದ್ದೆ ಮುರಿಯುತ್ತ, "ಇಲ್ಲಿಂದ ಹೋಗಿ ನೀರು ಹೊತ್ತು, ಒಲೆ ಹಚ್ಚಿ, ಮುದ್ದೆ ತೊಳಸೋದು ಯಾವ ಎಂಟಕ್ಕೆ ಸೇರ್ತದೆ ಸ್ವಾಮಿ?" ಎಂದಳು.

ನಾನು ಯೋಚನೆ ಮಾಡಿ, "ಅದು... ನಿಮ್ಮಿಷ್ಟದ ಎಂಟಕ್ಕೆ" ಎಂದೆ.

"ಹಂಗಾದ್ರೆ ಆ ಷಿಕಾಗೋದಲ್ಲಿ ಹೆಂಗಸ್ರನ್ನ ಯಾರೂ ಕೇಳಿಲ್ಲ ಬಿಡಿ."

ಯಾವ ದೇವರದು?

ನಮ್ಮ ಸಾಹುಕಾರರು ಕೆಟ್ಟವರಲ್ಲ. ಮಠಕ್ಕೆ ನಡೆದುಕೊಳ್ಳುವ ಮನೆತನ, ಹಣೆ ತುಂಬ ವಿಭೂತಿ. ಸೋಮವಾರ ಅವರ ಎತ್ತುಗಳ ಹೆಗಲಿಗೆ ನೊಗವಿಲ್ಲ, ನಮ್ಮ ಕಡೆ ಅದು ಬಸವನ ವಾರ. ಅಮಾವಾಸ್ಯೆಗೆ ಗಿರಣಿ ಬಂದ್. ಶುಕ್ರವಾರ ಇಂಜಿನ್ ನೋಡಿಕೊಳ್ಳುವ ಸಾಬರು ನಮಾಜಿಗೆ ಹೋದರೆ ಇಂಜಿನ್ನಿಗೂ ಬಿಡುವು. ಆಯುಧಪೂಜೆಯ ದಿನ, ಹೂವಿಟ್ಟ ಕೊಕ್ಕೆಯನ್ನು (ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ) ಮೇಸ್ತ್ರಿ ಮರೆತು ಮುಟ್ಟಿದ್ದಕ್ಕೆ, "ಪೂಜೆ ಆದದ್ದನ್ನ ನಾಳೆವರೆಗೂ ಕೆಲಸಕ್ಕೆ ಹಚ್ಚಂಗಿಲ್ಲ!" ಎಂದು ಬೈದಿದ್ದರು. ಅಷ್ಟು ನೇಮ.

ಮೇಸ್ತ್ರಿ ಷಿಕಾಗೋ ಕತೆಯನ್ನೂ ಹೇಳಿ ರಜೆ ಕೇಳಿದಾಗ ಅವರು, "ಕೊಡಾನ. ಯಾವ ದೇವರ ಹಬ್ಬ ಇದು?" ಎಂದರು.

ಮೇಸ್ತ್ರಿ ನನ್ನ ಮುಖ ನೋಡಿದ. ನಾನು, "ಇದಕ್ಕೆ ದೇವರಿಲ್ಲ ಸಾಹುಕಾರ್ರೆ" ಎಂದೆ.

"ದೇವರಿಲ್ದ ರಜವಾ? ಪೂಜೆ ಇಲ್ದೆ ಸುಮ್ಸುಮ್ನೆ ಬಾಗಿಲು ಹಾಕಿದ್ರೆ ಗಿರಣಿಗೆ ಒಳ್ಳೇದಾಗಲ್ಲ ಕಣ್ರೀ."

ಮೇಸ್ತ್ರಿಯ ಕೈ ಮೀಸೆಗೆ ಹೋಯಿತು. ಆಗ ಒಳಗಿನಿಂದ ಸಾಹುಕಾರರ ತಾಯಿ ಬಂದರು. ಅವರನ್ನು ನಾವೆಲ್ಲ ಅವ್ವ ಎನ್ನುತ್ತಿದ್ದೆವು.

"ದೇವರಿಗಲ್ದಿದ್ರೆ ಮತ್ಯಾರಿಗಪ್ಪಾ ಈ ಹಬ್ಬ?"

"ಕೆಲಸ ಮಾಡೋರಿಗೆ ಅವ್ವ" ಎಂದೆ.

"ಸರಿ, ಇವರಿಗೇ ಪೂಜೆ ಮಾಡಾನ. ಆಯುಧಪೂಜೇಲಿ ಇಂಜಿನ್ನಿಗೆ ಮಾಡಲ್ವಾ? ಅದಕ್ಕಿಂತ ಇವರು ಕಡೆಯಾ?"

ಸಾಹುಕಾರರು ಗಲ್ಲ ಕೆರೆದುಕೊಂಡು, "ಇಂಜಿನ್ನಿನಷ್ಟು ಸಲ ಇವರು ಕೆಟ್ಟು ನಿಂತಿಲ್ಲ ಬಿಡವ್ವ" ಎಂದು ಒಪ್ಪಿಬಿಟ್ಟರು.

ಮೇ ಒಂದು

ಬೆಳಿಗ್ಗೆ ಎಲ್ಲರೂ ಒಗೆದ ಬಟ್ಟೆ ಉಟ್ಟು ಚಾಪೆಯ ಮೇಲೆ ಸಾಲಾಗಿ ಕೂತರು. ಅವ್ವ ಒಬ್ಬೊಬ್ಬರ ಹಣೆಗೂ ಕುಂಕುಮ ಇಟ್ಟು, ಹಾರ ಹಾಕಿದರು. ಸಾಬರು "ನನಗೆ ಹಾರ ಸಾಕವ್ವ" ಎಂದರು. ಅವ್ವ ಅವರಿಗೆ ಎರಡು ಹಾಕಿದರು. ನಾನೂ ಹೋಗಿ ಚಾಪೆಯ ತುದಿಯಲ್ಲಿ ಕೂತೆ.

"ನೀವೆಲ್ಲಿ ಬಂದ್ರಿ ಗುಮಾಸ್ತ್ರೆ? ಕುರ್ಚಿ ಮೇಲೆ ಕೂರೋರಿಗಲ್ಲ ಇದು" ಎಂದು ಸಾಹುಕಾರರು ಎಬ್ಬಿಸಿದರು.

ಆರತಿಯಾಯಿತು. ಬೂದುಗುಂಬಳ ಒಡೆದದ್ದಾಯಿತು. ಅಷ್ಟರಲ್ಲಿ ಮೇಸ್ತ್ರಿಯ ಭಾವಮೈದ, ಮೀಸೆ ಇದೆಯೋ ಇಲ್ಲವೋ ನೋಡಲು, ಇಸ್ತ್ರಿ ಅಂಗಿಯಲ್ಲಿ ಬಂದ. ಮೀಸೆಯ ಕೆಳಗೆ ಹಾರವನ್ನೂ ಕಂಡು ಬಾಯಿ ತೆರೆದುಕೊಂಡು ನಿಂತ.

ಅವನ ಹಿಂದೆಯೇ ಭತ್ತದ ಲಾರಿ ಬಂತು. ಮಾರನೆಯ ದಿನ ಬರಬೇಕಾದದ್ದು. ಮೇಲೆ ಟಾರ್ಪಾಲಿಲ್ಲ, ಆಕಾಶದಲ್ಲಿ ಮುಂಗಾರಿಗೆ ಮುಂಚಿನ ಕರಿಮೋಡ. ಡ್ರೈವರು, ಕ್ಲೀನರು ಇಬ್ಬರೂ ಲಾರಿ ನಿಲ್ಲಿಸಿ ಟೀ ಕುಡಿಯಲು ಹೋದರು.

"ಏಳ್ರಪ್ಪಾ, ಇಳಿಸಿ!" ಎಂದರು ಸಾಹುಕಾರರು, ಎಂದಿನ ಅಭ್ಯಾಸದಲ್ಲಿ.

ಮೇಸ್ತ್ರಿಯೂ ಅಭ್ಯಾಸದಲ್ಲೇ ಎದ್ದ. ಅವ್ವ ಅವನ ಹೆಗಲು ಹಿಡಿದು ಕೂರಿಸಿ, ಮಗನಿಗೆ ಹೇಳಿದರು: "ಪೂಜೆ ಆದದ್ದನ್ನ ನಾಳೆವರೆಗೂ ಕೆಲಸಕ್ಕೆ ಹಚ್ಚಂಗಿಲ್ಲ ಕಣೋ. ಕೊಕ್ಕೆಗೆ ನೀನೇ ಹೇಳಿದ್ದೆ."

"ಮಳೆ ಬರ್ತದಲ್ಲವ್ವ!"

"ಪೂಜೆ ಆಗ್ದೇ ಇರೋರು ಮೂರು ಜನ ಗಂಡಸ್ರು ಇದೀರಲ್ಲ."

ಆ ಮೂವರು ಯಾರೆಂದರೆ ಸಾಹುಕಾರರು, ನಾನು ಮತ್ತು ಇಸ್ತ್ರಿ ಅಂಗಿ.

ಒಂದೊಂದು ಮೂಟೆಗೂ ಮೂವರೂ ಬೇಕಾದೆವು. ಮೇಸ್ತ್ರಿ ಚಾಪೆಯ ಮೇಲಿಂದ, ಪಾಯಸ ಕುಡಿಯುತ್ತ, ಭಾವಮೈದನಿಗೆ ಕೂಗಿ ಹೇಳುತ್ತಿದ್ದ: "ಕತ್ತು ತಗ್ಗಿಸಲೇ! ಸೊಂಟ ಬಗ್ಗಿಸು! ಬರೀ ಮೂಟೆ ಹೊರೋದು ತಾನೇ!"

ಕೊನೆಯ ಮೂಟೆ ಒಳಗೆ ಬೀಳುವುದಕ್ಕೂ ಮೊದಲ ಹನಿ ಹೊರಗೆ ಬೀಳುವುದಕ್ಕೂ ಸರಿಹೋಯಿತು. ಸಾಹುಕಾರರು ಬೆನ್ನು ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟರು. ವಿಭೂತಿ ಬೆವರಿಗೆ ಇಳಿದು ಮೂಗಿನವರೆಗೆ ಬಂದಿತ್ತು. ಏದುಸಿರು ಬಿಡುತ್ತಲೇ ಕೇಳಿದರು:

"ಗುಮಾಸ್ತ್ರೆ, ಆ ಷಿಕಾಗೋದೋರು ದಿನಕ್ಕೆ ಎಷ್ಟು ಗಂಟೆ ಕೆಲಸ ಅಂದಿದ್ರು?"

"ಎಂಟು ಗಂಟೆ ಸಾಹುಕಾರ್ರೆ."

"ಜಾಸ್ತಿ ಒಪ್ಕೊಂಡ್ಬಿಟ್ರು ಕಣ್ರೀ."