ಕೋಬಿಗೆ ಕುಸುರೆಳ್ಳು

ಹುಳುವನ್ನು ಹುಳುವಿನಿಂದಲೇ ಕೊಲ್ಲಿಸಬಹುದೆಂದು ಹೆಂಡತಿಗೆ ಹೇಳಿದಾಗ ನನ್ನ ದನಿಯಲ್ಲಿ ಸಂಶಯದ ಲೇಶವೂ ಇರಲಿಲ್ಲ. ಇರಲಿಲ್ಲವೆಂದು ನನ್ನ ನೆನಪು. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುವುದರಿಂದ, ಮುಂದಿನ ಸಂಗತಿಗಳಲ್ಲಿ ನಾನು ಎಲ್ಲಿಯಾದರೂ ಜಾಣನಂತೆ ಕಂಡರೆ ಓದುವವರು ಅಷ್ಟನ್ನು ಬಿಟ್ಟು ಓದಬೇಕು.

ಅದು ನಮ್ಮ ಕಡೆಯ ಜಿಲ್ಲೆಗಳು ಮುಂಬಯಿ ಇಲಾಖೆಯಲ್ಲಿದ್ದ ಕಾಲ. ಪುಣೆಯಿಂದ ಬಿ.ಎಸ್ಸಿ. ಪದವಿ ತಂದು ಧಾರವಾಡದ ಹೈಸ್ಕೂಲೊಂದರಲ್ಲಿ ವಿಜ್ಞಾನ ಶಾಸ್ತ್ರ ಕಲಿಸುತ್ತಿದ್ದೆ. ನನ್ನ ಹೆಂಡತಿ ಗಿರಿಜಾ ಹಿತ್ತಲಲ್ಲಿ ಕೋಬಿ, ಅಂದರೆ ಎಲೆಕೋಸು, ಹಾಕಿದ್ದಳು. ಮಹಿಳಾ ಮಂಡಳದ ಕಾಯಿಪಲ್ಯದ ಪ್ರದರ್ಶನದಲ್ಲಿ ಹಿಂದಿನ ವರ್ಷ ನಮ್ಮ ಹೆಡ್‌ಮಾಸ್ತರರ ಮಡದಿ ನೀಲವ್ವನವರು ಮೊದಲ ಬಹುಮಾನ ಹೊಡೆದಿದ್ದರು. ಈ ವರ್ಷ ಅದು ತನಗೇ ಬರಬೇಕೆಂದು ಗಿರಿಜಾ ಹಟ ತೊಟ್ಟಿದ್ದಳು. ಅಷ್ಟರಲ್ಲಿ ಕೋಬಿಗೆ ಹಸಿರು ಹುಳು ಬಿತ್ತು. ಆಕೆ ದಿನಾಲು ಒಲೆಯ ಬೂದಿ ಉದುರಿಸಿ, ಕೈಯಿಂದ ಹುಳು ಆರಿಸಿ ತೆಗೆಯುತ್ತಿದ್ದಳು.

ಇಂಥ ಹಳೆಯ ಪದ್ಧತಿಯನ್ನು ಪದವೀಧರನಾದ ನಾನು ನೋಡುತ್ತ ಕೂಡ್ರಬಹುದೇ?

ಕೃಷಿ ಖಾತೆಯಲ್ಲಿದ್ದ ನನ್ನ ಗೆಳೆಯ ಬಸವಂತನಿಗೆ ಹೇಳಿ ಕಳಿಸಿದೆ. ಆತ ಒಂದು ತಗಡಿನ ಡಬ್ಬಿ ಹಿಡಿದುಕೊಂಡು ಬಂದು ಗಿರಿಜೆಗೆ ವಿವರಿಸಿದ.

"ವೈನಿ, ಇದರಾಗ ಕಡಜದ ಗೂಡು ಅದಾವು. ಗುಂಗಾಡಿನಷ್ಟ ಸಣ್ಣ ಕಡಜ, ಮನಷ್ಯಾರಿಗೆ ಕಚ್ಚೂದಿಲ್ಲ. ಹುಳದ ಮೈಯಾಗ ತತ್ತಿ ಇಡ್ತಾವು. ಮರಿ ಒಳಗಿಂದ ಹುಳಾ ತಿಂದು, ಹೊರಗ ಬಂದು ಬಿಳೀ ಗೂಡು ಕಟ್ತೈತಿ. ಥೇಟ್ ನಿಮ್ಮ ಕುಸುರೆಳ್ಳಿನಂಗ!"

"ಹುಳಾ ಕೊಲ್ಲಾಕ ಮತ್ತೊಂದು ಹುಳಾ. ಅದನ್ನ ಕೊಲ್ಲಾಕ ಯಾರನ್ನ ಕರ್ಕೊಂಡು ಬರ್ತೀರಿ?" ಎಂದಳು ಗಿರಿಜಾ.

"ಇಂದಿನಿಂದ ಬೂದಿ ಬಂದ್! ಹುಳಾ ಆರಿಸೂದೂ ಬಂದ್! ಕಡಜಕ್ಕ ಊಟ ಬೇಕಲ್ಲ?" ಎಂದು ನಾನು ಆಜ್ಞೆ ಹೊರಡಿಸಿದೆ.

ಮರುದಿನ ಸಂಕ್ರಾಂತಿ. ಗಿರಿಜಾ ಕೆಂಡದ ಸಣ್ಣ ಉರಿಯಲ್ಲಿ ಎಳ್ಳಿಗೆ ಹನಿ ಹನಿಯಾಗಿ ಸಕ್ಕರೆ ಪಾಕ ಹಾಕಿ, ಬೆರಳು ಸುಟ್ಟುಕೊಂಡು ಕುಸುರೆಳ್ಳು ಮಾಡಿದ್ದಳು. ಹೆಡ್‌ಮಾಸ್ತರರ ಮನೆಗೆಂದು ಒಂದು ಡಬ್ಬಿ ತುಂಬಿ, ಗೋಡೆಯ ಮಾಡದಲ್ಲಿ ಕಡಜದ ಡಬ್ಬಿಯ ಪಕ್ಕದಲ್ಲಿಟ್ಟಳು. ಎರಡೂ ಅದೇ ತಗಡು, ಅದೇ ಅಳತೆ.

"ಒಂದಕ್ಕ ಅರಿಷಿಣದ ಬೊಟ್ಟು ಹಚ್ಚಿ ಗುರ್ತು ಮಾಡ್ತೇನ್ರಿ."

"ಏನೂ ಬೇಕಾಗಿಲ್ಲ. ಎಡಕ್ಕ ಕಡಜ, ಬಲಕ್ಕ ಎಳ್ಳು. ಇಷ್ಟು ನೆನಪು ಉಳೀಲಿಲ್ಲಂದ್ರ ನಾ ಓದಿದ್ದಾದ್ರೂ ಯಾಕ?"

ಹಬ್ಬದ ಸಂಜೆ ಜರಿಯ ರುಮಾಲು ಸುತ್ತಿಕೊಂಡು, ನೆನಪು ತೋರಿಸಿದ ಡಬ್ಬಿಯನ್ನು ಹೆಡ್‌ಮಾಸ್ತರರ ಕೈಯಲ್ಲಿಟ್ಟು ನಮಸ್ಕರಿಸಿ ಬಂದೆ. ಮರುದಿನ ಬೆಳಿಗ್ಗೆ ಉಳಿದ ಡಬ್ಬಿಯನ್ನು ಹಿತ್ತಲಿಗೆ ಒಯ್ದು, ಪ್ರತಿ ಕೋಬಿಯ ಮೇಲೆ ಒಂದೊಂದು ಚಿಟಿಕೆ ಬಿಳಿ ಗೂಡನ್ನು ಭಕ್ತಿಯಿಂದ ಏರಿಸಿದೆ. ಭೂತಗನ್ನಡಿ ಹಿಡಿದು ನೋಡಿದೆ. ಮೈತುಂಬ ಸಣ್ಣ ಸಣ್ಣ ಮುಳ್ಳು! ನಿಸರ್ಗ ತನ್ನ ಮಕ್ಕಳನ್ನು ಎಷ್ಟು ಮುತುವರ್ಜಿಯಿಂದ ಕಾಯುತ್ತದೆ ಎಂಬ ವಿಷಯದ ಮೇಲೆ ಗಿರಿಜೆಗೆ ಅಲ್ಲಿಯೇ ಒಂದು ಭಾಷಣವನ್ನೂ ಮಾಡಿದೆ.

ಭಾಷಣ ಮುಗಿಯುವುದರೊಳಗೆ ಇರುವೆಗಳು ಬಂದವು. ಒಂದಲ್ಲ, ಎರಡಲ್ಲ. ಪಂಢರಪುರಕ್ಕೆ ಹೊರಟ ದಿಂಡಿಯಂತೆ ಸಾಲು ಸಾಲಾಗಿ ಬಂದವು!

"ಇರುವೀ ಯಾಕ ಬಂದಾವ್ರಿ?"

"ಕೀಟಗಳ ಪರಸ್ಪರ ಸಂಬಂಧ ಅಂತ ಒಂದು ಇರ್ತೈತಿ. ನಿನಗ ತಿಳಿಯೂದಿಲ್ಲ."

ಗಿರಿಜಾ ಬಗ್ಗಿ ನೋಡಿದಳು. ಇರುವೆಯ ಬಾಯಿಂದ ಒಂದು ಕಾಳು ಕಸಿದುಕೊಂಡು ನಾಲಗೆಯ ಮೇಲಿಟ್ಟಳು. ನಾನು ಹೌಹಾರಿದೆ.

"ಏನ್ರೀ," ಎಂದಳು ಆಕೆ, ಬಹಳ ಮೆತ್ತಗೆ. "ನಿಮ್ಮ ಕಡಜ ಭಾಳ ಸಿಹಿ ಅದಾವಲ್ರಿ!"

ಹಾಗಾದರೆ ಆ ಇನ್ನೊಂದು ಡಬ್ಬಿ?

ಹೆಡ್‌ಮಾಸ್ತರರ ಮನೆಗೆ ನಾನು ಓಡಿದೆನೋ ನಡೆದೆನೋ ಈಗ ಹೇಳಲಾರೆ. ನಡೆದೆ ಎನ್ನುತ್ತದೆ ನೆನಪು. ರುಮಾಲು ಬಿಟ್ಟು, ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಓಡಿದಿರಿ ಎನ್ನುತ್ತಾಳೆ ಗಿರಿಜಾ. ಬಾಗಿಲಲ್ಲಿಯೇ ಹೆಡ್‌ಮಾಸ್ತರರು ನಿಂತಿದ್ದರು.

"ಬರ್ರಿ ಮಾಸ್ತರ, ಬರ್ರಿ. ನಿಮ್ಮ ಎಳ್ಳಿಗೆ ರೆಕ್ಕಿ ಬಂದಾವಲ್ರಿ! ಮುಚ್ಚಳ ತೆಗದ್ರ ಬುರ್ ಅಂತ ಮೂಗಿಗೇ ಹಾರಿದ್ವು!"

ಆಗ ಸತ್ಯವನ್ನು ಹೇಳಬಹುದಿತ್ತು. ಆದರೆ ಮೇಲಧಿಕಾರಿಗಳಿಗೆ ಹಬ್ಬದ ದಿನ ಹುಳು ತಿನ್ನಲು ಕೊಟ್ಟೆ ಎಂದು ಹೇಳುವುದು ಯಾವ ಪದವೀಧರನಿಗೂ ಸುಲಭವಲ್ಲ. "ಎಳ್ಳಿಗೆ ನುಸಿ ಹತ್ತಿರಬೇಕ್ರಿ," ಎಂದುಬಿಟ್ಟೆ.

"ಇರ್ಲಿ ಬಿಡ್ರಿ, ಗಿರಿಜವ್ವ ಇನ್ನೂ ಸಣ್ಣಾಕಿ, ಕಲೀತಾಳ," ಎಂದು ನೀಲವ್ವನವರು ಒಳಗಿನಿಂದ ಸಮಾಧಾನ ಹೇಳಿದರು. "ಡಬ್ಬಿ ಹಿತ್ತಲಾಗ ಝಾಡಿಸಿ ಬಂದೇನಿ. ಒಯ್ರಿ."

ಈ ಸಮಾಧಾನವನ್ನು ನಾನು ಮನೆಯಲ್ಲಿ ಹೇಳಬಾರದಿತ್ತು. ಹೇಳಿದೆ!

"ಬೆರಳು ಸುಟ್ಕೊಂಡು ಮಾಡಿದಾಕಿ ನಾನು. ನುಸಿ ಎಳ್ಳು ಕೊಟ್ಟಾಕಿ ಅಂತ ಊರ ತುಂಬ ಹೆಸರು ಆತು. ಹುಳಾ ಕೋಬಿ ತಿಂದ್ವು, ನೀವು ನನ್ನ ಮಾನ ತಿಂದ್ರಿ!"

ಬಸವಂತ ತಿರುಗಾಟಕ್ಕೆ ಬಿಜಾಪುರದ ಕಡೆ ಹೋಗಿದ್ದ. ಇನ್ನೊಂದು ಡಬ್ಬಿ ಸಿಗಲಿಲ್ಲ. ಸಿಟ್ಟಿನಲ್ಲಿ ಗಿರಿಜಾ ಹಿತ್ತಲ ಕಡೆ ಮುಖ ಹಾಕಲಿಲ್ಲ. ನಾನೇ ಬೂದಿ ಹಿಡಿದು ಹೋಗುವಷ್ಟರಲ್ಲಿ, ನಮ್ಮ ಕೃಪಾಛತ್ರದಲ್ಲಿ ಬೆಳೆದ ಹುಳುಗಳು ಎಲೆಗಳ ನರಗಳನ್ನಷ್ಟೇ ಬಿಟ್ಟಿದ್ದವು.

ಪ್ರದರ್ಶನದ ದಿನ ಗಿರಿಜಾ ಬರಿಗೈಯಲ್ಲಿ ಹೋದಳು, ಜೊತೆಗೆ ನಾನೂ. ನಡುವಿನ ಮೇಜಿನ ಮೇಲೆ ನೀಲವ್ವನವರ ಕೋಬಿ ಕೂತಿತ್ತು. ಒಂದು ತೂತಿಲ್ಲ! ಮೊದಲ ಬಹುಮಾನ ಅದಕ್ಕೇ.

"ಏನು ಹಾಕಿದ್ರಿ ಇದಕ್ಕ?" ಎಂದು ಯಾರೋ ಕೇಳಿದರು.

"ಏನೂ ಇಲ್ರೆವ್ವಾ. ಸಂಕ್ರಾಂತಿಗೆ ಮೊದಲು ಹುಳಾ ಭಾಳ ಇದ್ವು. ಆಮ್ಯಾಲೆ ತಾವ ಸತ್ತು ಹೋದ್ವು. ದೇವರ ದಯಾ."

ನಾನು ದೇವರ ಪರವಾಗಿ ಸುಮ್ಮನೆ ನಿಂತೆ. ಹೊರಡುವಾಗ ನೀಲವ್ವನವರು ಗಿರಿಜೆಯ ಕೈಯಲ್ಲಿ ಒಂದು ದೊಡ್ಡ ಕೋಬಿ ಇಟ್ಟು, ಬೆನ್ನು ತಟ್ಟಿ ಕಳಿಸಿದರು.

ಟಾಂಗಾದಲ್ಲಿ ದಾರಿಯುದ್ದಕ್ಕೂ ನಾನು ಗಿರಿಜೆಗೆ ಧೈರ್ಯ ಹೇಳಿದೆ. ಶಾಸ್ತ್ರದ ದೃಷ್ಟಿಯಿಂದ ನಮ್ಮ ಪ್ರಯೋಗ ಸಂಪೂರ್ಣ ಯಶಸ್ವಿಯಾಗಿತ್ತು. ಕಡಜ ಬಿಟ್ಟ ತೋಟ ಒಂದು, ಕಡಜ ಬಿಡದ ತೋಟ ಒಂದು. ಎರಡನ್ನೂ ಹೋಲಿಸಿದಾಗಲೇ ಸತ್ಯ ತಿಳಿಯುವುದು. ಹೋಲಿಕೆಗೆಂದು ಒಂದನ್ನು ಹಾಗೆಯೇ ಬಿಡಲೇಬೇಕು. ಆ ಗೌರವ ನಮ್ಮ ಹಿತ್ತಲಿಗೆ ಬಂದಿತ್ತು! ಆಕೆ ಎಲ್ಲವನ್ನೂ ಗಮನವಿಟ್ಟು ಕೇಳಿದಳು. ಕೊನೆಗೂ ಆಕೆಗೆ ಶಾಸ್ತ್ರದಲ್ಲಿ ಅಭಿರುಚಿ ಹುಟ್ಟಿತಲ್ಲ ಎಂದು ನನಗೆ ಸಂತೋಷವಾಯಿತು.

ಆ ದಿನ ಊಟಕ್ಕೆ ಕೂತೆವು. ಗಿರಿಜೆಯ ತಾಟಿನಲ್ಲಿ ಜೋಳದ ರೊಟ್ಟಿ, ಮೇಲೆ ಘಮಘಮಿಸುವ ಕೋಬಿ ಪಲ್ಯ. ನನ್ನ ತಾಟಿನಲ್ಲಿ ರೊಟ್ಟಿ ಮಾತ್ರ.

"ಪಲ್ಯ?" ಎಂದೆ.

"ಹೋಲಿಸಿ ನೋಡಾಕ ಒಂದು ತಾಟು ಹಂಗ ಬಿಡಬೇಕಲ್ರಿ," ಎಂದಳು ಗಿರಿಜಾ.